ಬಿದಿರು ಮೆಳೆಯ ಮುಳ್ಳು ಯಾಕೆ ಸವರಬಾರದು? ಮಾಧವ ಗಾಡ್ಗೀಳ್ ನಮ್ಮ ಹಳ್ಳಿಗಳಲ್ಲಿ ಕಲಿತ ವಿಜ್ಞಾನ

ನಿಮ್ಮ ಗ್ರಾಮ ಪಂಚಾಯ್ತಿ ಕಚೇರಿಯ ಬೀರುವಿನಲ್ಲಿ ಒಂದು ಪುಸ್ತಕ ಇರಬೇಕು. ಅದರ ಹೆಸರು ‘ಜನತಾ ಜೀವವೈವಿಧ್ಯ ದಾಖಲಾತಿ’. ನಿಮ್ಮೂರಿನ ಮರ, ಬಳ್ಳಿ, ಮೀನು, ಹಕ್ಕಿ, ನಾಟಿ ಭತ್ತ, ನಾಟಿ ದನ, ಔಷಧಿ ಗಿಡ, ಕೆರೆ, ಗೋಮಾಳ, ದೇವರ ಬನ ಎಲ್ಲದರ ಲೆಕ್ಕ ಅದರಲ್ಲಿ ಬರೆದಿರಬೇಕು. ಊರಿನವರು ಹೇಳಿ, ಊರಿನವರೇ ಕೂತು ಬರೆಸಬೇಕಾದ ಪುಸ್ತಕ ಅದು.

ನಮ್ಮ ಪಂಚಾಯ್ತಿಯಲ್ಲಿ ಕೇಳಿದಾಗ ಮೊದಲು ಯಾರಿಗೂ ನೆನಪಾಗಲಿಲ್ಲ. ಎರಡನೇ ಸಲ ಹೋದಾಗ ಹಳೇ ರಿಜಿಸ್ಟರುಗಳ ಅಡಿಯಿಂದ ತೆಗೆದುಕೊಟ್ಟರು. ತಿರುವಿ ನೋಡಿದೆ. ಮೊದಲ ಮಳೆಗೆ ಏಳುವ ಅಣಬೆಗಳಲ್ಲಿ ಯಾವುದು ತಿನ್ನುವುದು, ಯಾವುದು ವಿಷ ಅಂತ ನಮ್ಮಜ್ಜಿ ಬೆರಳು ಮಾಡಿ ಹೇಳುತ್ತಿದ್ದರಲ್ಲ, ಅದ್ಯಾವುದೂ ಅಲ್ಲಿ ಇರಲಿಲ್ಲ. ಅಜ್ಜಿಯ ಹತ್ತಿರ ಯಾರೂ ಬಂದು ಕೇಳಿರಲೇ ಇಲ್ಲ.

ಈ ಪುಸ್ತಕದ ಯೋಚನೆ ಎಲ್ಲಿಂದ ಬಂತು ಅಂತ ಹುಡುಕುತ್ತ ಹೋದರೆ ಒಬ್ಬ ವಿಜ್ಞಾನಿಯ ಕಥೆ ಸಿಗುತ್ತದೆ. ಅವರು ಮಾಧವ ಗಾಡ್ಗೀಳ್. ಮಳೆಗಾಲದಲ್ಲಿ ಗುಡ್ಡ ಕುಸಿದಾಗಲೆಲ್ಲ ವಾಟ್ಸಾಪಿನಲ್ಲಿ ಓಡಾಡುವ ಹೆಸರು ಅದು. ‘ಗಾಡ್ಗೀಳ್ ವರದಿ’ ಅಂದರೆ ಮಲೆನಾಡಿನಲ್ಲಿ ಕೆಲವರಿಗೆ ಸಿಟ್ಟು, ಕೆಲವರಿಗೆ ಭಯ. ಆದರೆ ವರದಿಗಿಂತ 35 ವರ್ಷ ಮೊದಲೇ ಅವರು ನಮ್ಮ ಉತ್ತರ ಕನ್ನಡದ ಕಾಡುಗಳಲ್ಲಿ ಬಿದಿರು ಎಣಿಸುತ್ತ ಓಡಾಡಿದ್ದರು. ಆ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಪುಣೆಯ ಹುಡುಗ, ಕಳ್ಳಿಪೀರದ ಬಾಲ

ಗಾಡ್ಗೀಳ್ ಹುಟ್ಟಿದ್ದು 1942ರಲ್ಲಿ, ಪುಣೆಯಲ್ಲಿ. ತಂದೆ ಧನಂಜಯರಾವ್ ಗಾಡ್ಗೀಳ್ ದೊಡ್ಡ ಅರ್ಥಶಾಸ್ತ್ರಜ್ಞ. ಮುಂದೆ ದೇಶದ ಯೋಜನಾ ಆಯೋಗದ ಉಪಾಧ್ಯಕ್ಷರೂ ಆದರು. ಪಕ್ಕದ ಮನೆಯವರು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ. ತಂದೆಗೆ ಹಕ್ಕಿ ನೋಡುವ ಹುಚ್ಚು. ಅದು ಮಗನಿಗೂ ಹತ್ತಿತು.

ಹುಡುಗನಾಗಿದ್ದಾಗ ಒಂದು ದಿನ ಕಳ್ಳಿಪೀರ ಹಕ್ಕಿಯ ಬಾಲದಲ್ಲಿ ಸೂಜಿಯ ಹಾಗೆ ಉದ್ದಕ್ಕೆ ಚಾಚುವ ಗರಿಗಳು ಇಲ್ಲದ್ದನ್ನು ಕಂಡು, ಯಾಕೆ ಹೀಗೆ ಅಂತ ಪಕ್ಷಿತಜ್ಞ ಸಲೀಂ ಅಲಿಯವರಿಗೆ ಕಾಗದ ಬರೆದರು. ಸಲೀಂ ಅಲಿ ಉತ್ತರ ಕೊಟ್ಟರು. ಹಳೇ ಗರಿ ಉದುರಿ ಹೊಸದು ಬರುವ ಕಾಲ ಅದು ಎಂದು ವಿವರಿಸಿದರು. ಅಲ್ಲಿಂದ ಶುರುವಾದ ಪರಿಚಯ ಜೀವನಪೂರ್ತಿ ಉಳಿಯಿತು.

ಪುಣೆ, ಮುಂಬಯಿಯಲ್ಲಿ ಜೀವಶಾಸ್ತ್ರ ಓದಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಲೆಕ್ಕ ಮತ್ತು ಕಂಪ್ಯೂಟರ್ ಹಿಡಿದು ಜೀವಿಗಳ ಬದುಕನ್ನು ಅಭ್ಯಾಸ ಮಾಡಿದರು. ಒಂದು ಜೀವಿ ತನ್ನ ಶಕ್ತಿಯಲ್ಲಿ ಎಷ್ಟನ್ನು ಬೆಳೆಯುವುದಕ್ಕೆ, ಎಷ್ಟನ್ನು ಮರಿ ಮಾಡುವುದಕ್ಕೆ ಖರ್ಚು ಮಾಡುತ್ತದೆ? ಕೆಲವು ಜೀವಿಗಳು ವರ್ಷ ವರ್ಷ ಮರಿ ಹಾಕುತ್ತವೆ, ಕೆಲವು ಒಂದೇ ಸಲ ಸಂತಾನ ಬಿಟ್ಟು ಸಾಯುತ್ತವೆ. ಯಾಕೆ? ನಮಗೆ ಇದರ ಉದಾಹರಣೆ ಮನೆಯ ಹತ್ತಿರವೇ ಇದೆ. ಬಿದಿರು ಹತ್ತಾರು ವರ್ಷ ಸುಮ್ಮನೆ ಬೆಳೆದು, ಒಂದೇ ಸಲ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ ಒಣಗಿಹೋಗುತ್ತದೆ. ಈ ಪ್ರಶ್ನೆಯ ಮೇಲೆ ಗುರು ವಿಲಿಯಂ ಬಾಸರ್ಟ್ ಜೊತೆ 1970ರಲ್ಲಿ ಪ್ರಕಟಿಸಿದ ಪ್ರಬಂಧ ಜಗತ್ತಿನ ವಿಜ್ಞಾನಿಗಳು ಮತ್ತೆ ಮತ್ತೆ ಉಲ್ಲೇಖಿಸುವ ಪ್ರಬಂಧವಾಯಿತು.

ಅಮೆರಿಕದಲ್ಲೇ ಉಳಿಯಬಹುದಿತ್ತು. 1971ರಲ್ಲಿ ಹೆಂಡತಿ ಸುಲೋಚನಾ ಅವರ ಜೊತೆ ವಾಪಸ್ ಬಂದರು. ಸುಲೋಚನಾ ಗಾಡ್ಗೀಳ್ ಮುಂಗಾರು ಮಳೆಯ ಅಧ್ಯಯನದಲ್ಲಿ ಹೆಸರಾದ ವಿಜ್ಞಾನಿ.

ದೇವರ ಕಾಡು ಉಳಿಸಿದ್ದು ಯಾರು?

ಪುಣೆಗೆ ಬಂದ ಮೇಲೆ ಸಸ್ಯಶಾಸ್ತ್ರಜ್ಞ ವಿ.ಡಿ. ವರ್ತಕ್ ಅವರ ಜೊತೆ ಸೇರಿ ಪಶ್ಚಿಮ ಘಟ್ಟದ ದೇವರ ಕಾಡುಗಳನ್ನು ನೋಡುತ್ತ ತಿರುಗಿದರು. ಮಹಾರಾಷ್ಟ್ರದಲ್ಲಿ ಇವಕ್ಕೆ ‘ದೇವರಾಯಿ’ ಅನ್ನುತ್ತಾರೆ. ನಮ್ಮಲ್ಲಿ ದೇವರಕಾಡು, ಬನ, ನಾಗಬನ, ಕಾನು ಅನ್ನುವ ಹಾಗೆ.

ಸುತ್ತಲಿನ ಗುಡ್ಡವೆಲ್ಲ ಬೋಳಾಗಿದ್ದರೂ ದೇವರ ಕಾಡಿನೊಳಗೆ ಮುದಿ ಮರಗಳು, ದಪ್ಪ ಬಳ್ಳಿಗಳು, ಬೇರೆಲ್ಲೂ ಸಿಗದ ಗಿಡಗಳು ಉಳಿದಿದ್ದವು. ಕೊಂಕಣ ಸೀಮೆಯ ಶ್ರೀವರ್ಧನ ತಾಲೂಕಿನ ಗಾಣಿ ಎಂಬ ಹಳ್ಳಿಯವರು ಇವರಿಗೆ ಒಂದು ದೂರು ಹೇಳಿದರು. ಅವರ ದೇವಿಯ ಕಾಡಿನ ಮರಗಳನ್ನು ಕಡಿಯಲು ಗುರುತು ಹಾಕಲಾಗಿತ್ತು. ಊರಿನ ಹಳ್ಳಕ್ಕೆ ನೀರು ಬರುವುದೇ ಆ ಕಾಡಿನಿಂದ, ಅದು ಹೋದರೆ ನೀರು ಹೋಗುತ್ತದೆ ಅನ್ನುವುದು ಊರಿನವರ ಮಾತು. ವಿಜ್ಞಾನಿಗಳು ಮಧ್ಯೆ ಬಂದದ್ದರಿಂದ ಆ ಕಾಡು ಉಳಿಯಿತು.

ಅಲ್ಲಿಯತನಕ ದೇವರ ಕಾಡು ಅಂದರೆ ಬರೀ ಮೂಢನಂಬಿಕೆ ಅಂತ ಓದಿದವರು ತಿಳಿದಿದ್ದರು. ನಂಬಿಕೆಯ ಹಿಂದೆ ನೀರಿನ ಲೆಕ್ಕವೂ ಇದೆ ಅನ್ನುವುದು ಯುವ ವಿಜ್ಞಾನಿಗೆ ಅರ್ಥವಾಯಿತು. ದೇವರ ಕಾಡುಗಳನ್ನು ಕಾಪಾಡಿ ಎಂದು ಇಬ್ಬರೂ ಸೇರಿ 1975ರಲ್ಲಿ ಪ್ರಬಂಧ ಬರೆದರು. ದೇಶದಲ್ಲಿ ಈ ವಿಷಯದ ಮೇಲೆ ನಡೆದ ಮೊದಮೊದಲ ವೈಜ್ಞಾನಿಕ ಕೆಲಸಗಳಲ್ಲಿ ಅದೊಂದು.

ದಾಂಡೇಲಿಯ ಕಾಗದ, ಕಾಡಿನ ಬಿದಿರು

1973ರಲ್ಲಿ ಗಾಡ್ಗೀಳ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ನಮ್ಮ ಜನ ‘ಟಾಟಾ ಇನ್‌ಸ್ಟಿಟ್ಯೂಟ್’ ಅನ್ನುತ್ತಾರಲ್ಲ, ಅದೇ. 2004ರವರೆಗೆ, ಮೂರು ದಶಕ ಅಲ್ಲೇ ಕೆಲಸ ಮಾಡಿದರು.

ಆ ಹೊತ್ತಿಗೆ ಕರ್ನಾಟಕದಲ್ಲಿ ಬಿದಿರಿನ ಗಲಾಟೆ ಶುರುವಾಗಿತ್ತು. ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮೇದಾರರಿಗೆ ಬಿದಿರು ಸಿಗುತ್ತಿರಲಿಲ್ಲ. ದಾಂಡೇಲಿಯಲ್ಲಿ 1950ರ ದಶಕದ ಕೊನೆಗೆ ಶುರುವಾದ ಕಾಗದ ಕಾರ್ಖಾನೆಗೆ ಸರ್ಕಾರ ಕಾಡಿನ ಬಿದಿರನ್ನು ಬಿಟ್ಟುಕೊಟ್ಟಿತ್ತು. ದರ ಎಷ್ಟು ಗೊತ್ತೆ? ಟನ್ನಿಗೆ ಒಂದೂವರೆ ರೂಪಾಯಿ. ಬಿದಿರು ಎಂದೂ ಮುಗಿಯುವುದಿಲ್ಲ ಅನ್ನುವುದು ಆಗಿನ ನಂಬಿಕೆ. ಮುಗಿಯತೊಡಗಿದಾಗ, ದನ ಮೇಯಿಸುವ ಹಳ್ಳಿಯವರೇ ಕಾರಣ ಅನ್ನುವ ಮಾತು ಬಂತು.

1970ರ ದಶಕದ ನಡುವಿನಲ್ಲಿ ರಾಜ್ಯ ಸರ್ಕಾರದ ಕೋರಿಕೆಯ ಮೇಲೆ ಗಾಡ್ಗೀಳ್ ಮತ್ತು ಅವರ ಶಿಷ್ಯ ನರೇಂದ್ರ ಪ್ರಸಾದ್ ಬಿದಿರಿನ ಅಧ್ಯಯನಕ್ಕೆ ಇಳಿದರು. ಮೊದಲು ಗಾಡ್ಗೀಳ್ ಅವರಿಗೂ ಅಧಿಕಾರಿಗಳ ಮಾತೇ ಸರಿ ಅನ್ನಿಸಿತ್ತು. ಕಾಡಿನೊಳಗೆ ನಡೆದು, ಮೆಳೆ ಮೆಳೆ ಎಣಿಸಿದಾಗ ಬೇರೆಯೇ ಕಂಡಿತು. ಕಾಗದಪತ್ರದಲ್ಲಿ ಇದ್ದಷ್ಟು ಬಿದಿರು ನೆಲದ ಮೇಲೆ ಇರಲಿಲ್ಲ. ಅಂದಾಜು ಲೆಕ್ಕ ವಿಪರೀತ ಹೆಚ್ಚಾಗಿತ್ತು.

ಇಲ್ಲೇ ಮುಳ್ಳಿನ ಕಥೆ ಬರುವುದು. ಮುಳ್ಳು ಬಿದಿರಿನ ಮೆಳೆ ನೀವು ನೋಡಿರುತ್ತೀರಿ. ಬುಡದ ಸುತ್ತ ಮುಳ್ಳಿನ ಕೊಂಬೆಗಳು ಹೆಣೆದುಕೊಂಡು ಬೇಲಿ ಕಟ್ಟಿದ ಹಾಗೆ ಇರುತ್ತವೆ. ಕಾರ್ಖಾನೆಗೆ ಬಿದಿರು ಕಡಿಯುವವರು ಆ ಮುಳ್ಳನ್ನೆಲ್ಲ ಸವರಿ ತೆಗೆಯುತ್ತಿದ್ದರು. ಬುಡ ಚೊಕ್ಕಟವಾದರೆ ಕಡಿಯಲು ಸುಲಭ, ಹೊಸ ಬಿದಿರು ಬರಲೂ ಅನುಕೂಲ ಅನ್ನುವುದು ಪುಸ್ತಕದ ತಿಳಿವಳಿಕೆ.

ಹಳ್ಳಿಯವರು ಬೇರೆಯೇ ಹೇಳಿದರು. ಮುಳ್ಳು ಇದ್ದರೆ ಕಳಲೆ ಉಳಿಯುತ್ತದೆ. ಮುಳ್ಳು ತೆಗೆದರೆ ಮಳೆಗಾಲದಲ್ಲಿ ಏಳುವ ಎಳೇ ಕಳಲೆಯನ್ನು ದನ ತಿನ್ನುತ್ತದೆ, ಮುಳ್ಳುಹಂದಿ ತಿನ್ನುತ್ತದೆ, ಮುಸುವ ಮುರಿಯುತ್ತದೆ, ಮನುಷ್ಯರೂ ಸಾರಿಗೆ ಕಿತ್ತುಕೊಂಡು ಹೋಗುತ್ತಾರೆ. ಹೊಸ ಗಳ ಏಳದಿದ್ದರೆ ಮೆಳೆ ಬೆಳೆಯುವುದು ಹೇಗೆ?

ಹಳ್ಳಿಯವರ ಮಾತು ಅಂತ ಹಾಗೇ ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ಮುಳ್ಳು ಸವರಿದ ಮೆಳೆ, ಸವರದ ಮೆಳೆ ಎರಡನ್ನೂ ಗುರುತು ಮಾಡಿ ಯಾವುದರಲ್ಲಿ ಎಷ್ಟು ಕಳಲೆ ಗಳವಾಗುತ್ತದೆ ಅಂತ ಪರೀಕ್ಷೆ ಮಾಡಿದರು. ಫಲಿತಾಂಶ ಹಳ್ಳಿಯವರ ಕಡೆಗೇ ಬಂತು. ಬಿದಿರು ಹಾಳಾಗಲು ಮುಖ್ಯ ಕಾರಣ ಕಾರ್ಖಾನೆಗೆ ಕಡಿಯುತ್ತಿದ್ದ ರೀತಿ.

ನಂತರ ಏನಾಯಿತು? ಹತ್ತಿರದ ಕಾಡಿನ ಬಿದಿರು ತೀರಿದ ಹಾಗೆ ದೂರದ ಕಾಡಿಗೆ, ಆಮೇಲೆ ಹೊರ ರಾಜ್ಯಕ್ಕೆ ಹುಡುಕಾಟ ಹೋಯಿತು. ಬಿದಿರಿನ ಬದಲು ನೀಲಗಿರಿ ಬೆಳೆಸೋಣ ಎಂದು ಸ್ವಾಭಾವಿಕ ಕಾಡನ್ನೇ ಕಡಿದು ನೆಟ್ಟರು. ಮಳೆ ಹೆಚ್ಚಿರುವ ಮಲೆನಾಡಿನಲ್ಲಿ ನೀಲಗಿರಿಗೆ ರೋಗ ಬಂದು ಎಷ್ಟೋ ತೋಪುಗಳು ಹಾಳಾದವು. ಕಾಡೂ ಹೋಯಿತು, ನೀಲಗಿರಿಯೂ ಕೈಗೆ ಹತ್ತಲಿಲ್ಲ. ಮೇದಾರರ ಬುಟ್ಟಿಯ ಜಾಗಕ್ಕೆ ಪ್ಲಾಸ್ಟಿಕ್ ಬಂತು.

ಕಾಡು ಯಾರದ್ದು ಅನ್ನುವ ಹಳೇ ಜಗಳ

ಬಿದಿರಿನ ಅನುಭವದಿಂದ ಗಾಡ್ಗೀಳ್ ಇತಿಹಾಸದ ಕಡೆಗೆ ತಿರುಗಿದರು. ಕಾಡು ಹಾಳಾಗುವುದಕ್ಕೆ ಜನಸಂಖ್ಯೆಯೊಂದೇ ಕಾರಣವೇ, ಅಥವಾ ಕಾಡಿನ ಅಧಿಕಾರ ಯಾರ ಕೈಯಲ್ಲಿ ಇತ್ತು ಅನ್ನುವುದೂ ಕಾರಣವೇ?

1801ರಲ್ಲಿ ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ ನಮ್ಮ ಕೆನರಾ ಸೀಮೆಯಲ್ಲಿ ತಿರುಗಿ ದಿನಚರಿ ಬರೆದಿದ್ದ. ಕಾರವಾರದ ಕಡೆ ಕಾಡು ಊರ ದೇವರದ್ದು, ದೇವರ ಅಪ್ಪಣೆ ಇಲ್ಲದೆ ಮರ ಕಡಿಯುವಂತಿಲ್ಲ ಎಂದು ಜನ ಹೇಳಿದ್ದನ್ನು ದಾಖಲಿಸಿದ. ಇದು ಸರ್ಕಾರಕ್ಕೆ ಕಾಡಿನ ಮೇಲೆ ಹಕ್ಕು ಸಿಗದಿರಲಿ ಎಂದು ಹೂಡಿದ ಉಪಾಯ ಅನ್ನುವುದು ಅವನ ಅಭಿಪ್ರಾಯ. ಗಾಡ್ಗೀಳ್ ಈ ಬರಹವನ್ನು ಮತ್ತೆ ಮತ್ತೆ ನೆನಪಿಸುತ್ತಿದ್ದರು. ಊರು ತನ್ನ ಕಾಡು ಎಂದು ಕಾಯುತ್ತಿದ್ದುದು ಮುಂದೆ ಸರ್ಕಾರಿ ಕಾಡಾಯಿತು. ತನ್ನದಲ್ಲ ಅಂದಮೇಲೆ ಕಾಯುವ ಆಸಕ್ತಿಯೂ ಕಡಿಮೆಯಾಯಿತು.

ಇದಕ್ಕೆ ಎದುರಾದ ಉದಾಹರಣೆಯೂ ಅವರಿಗೆ ಉತ್ತರ ಕನ್ನಡದಲ್ಲೇ ಸಿಕ್ಕಿತು. ಕುಮಟಾ ತಾಲೂಕಿನ ಹಳಕಾರ ಗ್ರಾಮ. ಮುಂಬಯಿ ಸರ್ಕಾರದ ಕಾಲದಲ್ಲಿ, 1920ರ ದಶಕದಲ್ಲಿ, ಇಲ್ಲಿ ಗ್ರಾಮ ಅರಣ್ಯ ಪಂಚಾಯ್ತಿ ಬಂತು. ಊರಿನವರೇ ನಿಯಮ ಮಾಡಿ, ಊರಿನವರೇ ಕಾವಲು ಹಾಕಿ ಕಾಡು ನೋಡಿಕೊಂಡರು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಇಂಥ ಪಂಚಾಯ್ತಿಗಳನ್ನು ರದ್ದು ಮಾಡುವ ಪ್ರಯತ್ನ ನಡೆದಾಗ ಹಳಕಾರದವರು ಕೋರ್ಟಿಗೆ ಹೋಗಿ ತಮ್ಮದನ್ನು ಉಳಿಸಿಕೊಂಡರು. ಜನವಸತಿಯ ಮಧ್ಯೆಯೇ ಆ ಕಾಡು ಉಳಿಯಿತು.

ಇತಿಹಾಸಕಾರ ರಾಮಚಂದ್ರ ಗುಹಾ ಜೊತೆ ಸೇರಿ 1992ರಲ್ಲಿ ಭಾರತದ ಪರಿಸರ ಇತಿಹಾಸದ ಪುಸ್ತಕ ಬರೆದರು. 1995ರಲ್ಲಿ ಇನ್ನೊಂದು ಬಂತು. ಅದರಲ್ಲಿ ದೇಶದ ಜನರನ್ನು ಮೂರು ಗುಂಪು ಮಾಡಿದರು. ಸುತ್ತಲಿನ ಕಾಡು, ಹೊಲ, ಹೊಳೆ ನಂಬಿ ಬದುಕುವವರು ಒಂದು. ದೂರದೂರದ ಸಂಪತ್ತನ್ನೆಲ್ಲ ತರಿಸಿಕೊಂಡು ಬಳಸುವ ‘ಸರ್ವಭಕ್ಷಕರು’ ಎರಡು. ನೆಲೆ ಕಳೆದುಕೊಂಡು ಕೊಳೆಗೇರಿ ಸೇರಿದ ನಿರಾಶ್ರಿತರು ಮೂರು. ಮೇದಾರರು ಯಾವ ಗುಂಪಿನಿಂದ ಯಾವ ಗುಂಪಿಗೆ ಹೋದರು ಅಂತ ಯೋಚಿಸಿದರೆ ಅರ್ಥವಾಗುತ್ತದೆ.

ಸಂಸ್ಥೆ ಕಟ್ಟಿದ್ದು, ಶಿಷ್ಯರನ್ನು ಬೆಳೆಸಿದ್ದು

ಇದೇ ಕಾಲದಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಆನೆಗಳ ಬಗ್ಗೆ ಇಂದು ಜಗತ್ತೇ ಕೇಳುವ ರಾಮನ್ ಸುಕುಮಾರ್ ಅವರ ಶಿಷ್ಯರು. ಆನೆ ಯಾಕೆ ಹೊಲಕ್ಕೆ ಬರುತ್ತದೆ, ಯಾವ ಆನೆ ಹೆಚ್ಚು ಬರುತ್ತದೆ ಎಂದು ಸುಕುಮಾರ್ ಚಾಮರಾಜನಗರ ಸೀಮೆಯ ಕಾಡಂಚಿನಲ್ಲಿ ಅಧ್ಯಯನ ಮಾಡಿದರು. ಕೇರಳದ ಸೈಲೆಂಟ್ ವ್ಯಾಲಿ ಅಣೆಕಟ್ಟಿನ ಪರಿಶೀಲನಾ ಸಮಿತಿಯಲ್ಲೂ ಗಾಡ್ಗೀಳ್ ಇದ್ದರು. ಆ ಯೋಜನೆ ನಿಂತಿತು. 1986ರಲ್ಲಿ ಬಂಡೀಪುರ, ನಾಗರಹೊಳೆಗಳೂ ಸೇರಿದ ನೀಲಗಿರಿ ಜೀವಗೋಳ ಮೀಸಲು ಘೋಷಣೆಯಾಯಿತು. ದೇಶದ ಮೊದಲ ಜೀವಗೋಳ ಮೀಸಲು ಅದು. ಅದರ ಹಿಂದೆಯೂ ಅವರ ಕೆಲಸವಿದೆ.

ಎಲ್ಲ ವನ್ಯಜೀವಿ ವಿಜ್ಞಾನಿಗಳೂ ಗಾಡ್ಗೀಳ್ ದಾರಿಯನ್ನು ಒಪ್ಪಿದವರಲ್ಲ. ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿ ಅಧ್ಯಯನ ಮಾಡಿದ ನಮ್ಮವರೇ ಆದ ಉಲ್ಲಾಸ ಕಾರಂತರ ವಾದ ಬೇರೆ. ಹುಲಿಯಂಥ ದೊಡ್ಡ ಪ್ರಾಣಿಗೆ ಜನರ ಒತ್ತಡವಿಲ್ಲದ ಜಾಗ ಬೇಕು, ಒಪ್ಪಿ ಹೊರಬರುವವರಿಗೆ ಒಳ್ಳೆಯ ಪುನರ್ವಸತಿ ಕೊಡಬೇಕು ಅನ್ನುತ್ತಾರೆ ಅವರು. ಎರಡೂ ಮಾತಿಗೆ ಕಾಡಿನಲ್ಲಿ ಕಂಡ ಆಧಾರವಿದೆ. ಬಿದಿರು, ಅಣಬೆ, ಮೀನು ಊರಿನವರ ಕೈಯಲ್ಲಿ ಉಳಿಯಬಹುದು. ಹುಲಿಯ ಲೆಕ್ಕ ಅಷ್ಟು ಸುಲಭವಲ್ಲ.

ಊರಿನ ತಿಳಿವಳಿಕೆಗೆ ಒಂದು ಪುಸ್ತಕ

ಮತ್ತೆ ಪಂಚಾಯ್ತಿ ಬೀರುವಿನ ಪುಸ್ತಕಕ್ಕೆ ಬರೋಣ. ಹಳ್ಳಿಯವರಿಗೆ ಇಷ್ಟೆಲ್ಲ ಗೊತ್ತಿದ್ದರೆ ಅದು ಎಲ್ಲೂ ಬರಹದಲ್ಲಿ ಯಾಕಿಲ್ಲ? ಬರೆಯದ ವಿದ್ಯೆಯನ್ನು ಕಚೇರಿಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊರಗಿನವರು ಬಂದು ಗಿಡವನ್ನೂ ವಿದ್ಯೆಯನ್ನೂ ಒಯ್ದು ಲಾಭ ಮಾಡಿಕೊಂಡರೆ ಊರಿನವರ ಹತ್ತಿರ ಪುರಾವೆ ಇರುವುದಿಲ್ಲ. 1990ರ ದಶಕದ ನಡುವಿನಲ್ಲಿ ಗಾಡ್ಗೀಳ್ ಮತ್ತು ಜೊತೆಗಾರರು ಶಾಲಾ ಕಾಲೇಜು ಮೇಷ್ಟರು, ವಿದ್ಯಾರ್ಥಿಗಳು, ರೈತರು, ನಾಟಿ ವೈದ್ಯರನ್ನು ಕೂಡಿಸಿ ಹಳ್ಳಿ ಹಳ್ಳಿಗಳಲ್ಲಿ ಜೀವವೈವಿಧ್ಯ ದಾಖಲಾತಿ ಬರೆಸತೊಡಗಿದರು.

2002ರಲ್ಲಿ ಸಂಸತ್ತು ಜೀವವೈವಿಧ್ಯ ಕಾಯ್ದೆ ಮಾಡಿತು. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಎಂದಿತು. 2004ರ ನಿಯಮಗಳು, ಜನರನ್ನು ಕೇಳಿ ದಾಖಲಾತಿ ಬರೆಯುವುದೇ ಸಮಿತಿಯ ಮುಖ್ಯ ಕೆಲಸ ಎಂದವು. ಸಮಿತಿಗೆ ನೇಮಕವಾಗುವವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು ಇರಬೇಕು ಎಂದೂ ಹೇಳಿದವು. ವ್ಯಾಪಾರಕ್ಕಾಗಿ ಊರಿನ ಜೀವಸಂಪತ್ತು ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರವನ್ನೂ ಆ ಕಾಯ್ದೆ ಸಮಿತಿಗೆ ಕೊಟ್ಟಿತು.

ಬಹಳ ಕಡೆ ಹತ್ತು ಹದಿನೈದು ವರ್ಷ ಏನೂ ಆಗಲಿಲ್ಲ. ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 2020ರ ಜನವರಿ ಕೊನೆಯೊಳಗೆ ಎಲ್ಲ ಕಡೆ ಸಮಿತಿ, ದಾಖಲಾತಿ ಆಗಬೇಕು, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದಿತು. ಗಡಿಬಿಡಿ ಶುರುವಾಯಿತು. ಗಡಿಬಿಡಿಯಲ್ಲಿ ಬರೆದ ಪುಸ್ತಕದಲ್ಲಿ ಅಜ್ಜಿಯ ಅಣಬೆಗೆ ಜಾಗ ಎಲ್ಲಿ?

ಗಾಡ್ಗೀಳ್ ವರದಿ: ಸಿಟ್ಟು ಯಾಕೆ ಬಂತು?

2010ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮ ಘಟ್ಟಗಳ ತಜ್ಞರ ಸಮಿತಿ ಮಾಡಿ ಗಾಡ್ಗೀಳ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. 2011ರ ಆಗಸ್ಟಿನಲ್ಲಿ ವರದಿ ಕೊಟ್ಟರು. ಘಟ್ಟವನ್ನು ಮೂರು ಸೂಕ್ಷ್ಮ ವಲಯಗಳಾಗಿ ವಿಂಗಡಿಸಿದ್ದರು. ಅತಿ ಸೂಕ್ಷ್ಮ ವಲಯದಲ್ಲಿ ಹೊಸ ಗಣಿ, ದೊಡ್ಡ ಅಣೆಕಟ್ಟು ಬೇಡ ಎಂದಿದ್ದರು. ನಮ್ಮ ಗುಂಡ್ಯ ಜಲವಿದ್ಯುತ್ ಯೋಜನೆಯೂ ಬೇಡ ಎಂದಿದ್ದರು. ರಾಸಾಯನಿಕ ಕೀಟನಾಶಕಗಳನ್ನು ಹಂತ ಹಂತವಾಗಿ ಬಿಡಬೇಕು ಎಂದೂ ಇತ್ತು.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಈ ಗಡಿಗಳು ತಾತ್ಕಾಲಿಕ, ಗ್ರಾಮ ಸಭೆಗಳಲ್ಲಿ ಚರ್ಚೆಯಾಗಿ ಕೆಳಗಿನಿಂದ ಕೊನೆಯ ತೀರ್ಮಾನ ಬರಬೇಕು ಎಂಬುದು. ಆದರೆ ಗ್ರಾಮ ಸಭೆಯ ಮುಂದೆ ವರದಿ ಬರಲೇ ಇಲ್ಲ. ತಿಂಗಳುಗಟ್ಟಲೆ ಸಚಿವಾಲಯದಲ್ಲೇ ಉಳಿಯಿತು. ಮಾಹಿತಿ ಹಕ್ಕಿನಡಿ ಕೇಳಿ, ಮಾಹಿತಿ ಆಯೋಗ, ಹೈಕೋರ್ಟು ಎಂದು ಹೋಗಿ 2012ರಲ್ಲಿ ಹೊರಬಂತು. ಅದೂ ಇಂಗ್ಲಿಷಿನಲ್ಲಿ, ನೂರಾರು ಪುಟ. ಮಲೆನಾಡಿನ ರೈತನ ಕಿವಿಗೆ ಬಿದ್ದದ್ದು ಬರೀ ಸುದ್ದಿ. ಮನೆ ಕಟ್ಟುವಂತಿಲ್ಲ, ತೋಟ ಬಿಡಬೇಕು, ಒಕ್ಕಲೆಬ್ಬಿಸುತ್ತಾರೆ ಅಂತ.

ಆ ಭಯವನ್ನು ನಾವು ಹಗುರವಾಗಿ ಕಾಣಬಾರದು. ಅಣೆಕಟ್ಟಿಗೆ, ಅಭಯಾರಣ್ಯಕ್ಕೆ ಜಮೀನು ಕಳೆದುಕೊಂಡ ನೆನಪು ಮಲೆನಾಡಿನ ಮನೆ ಮನೆಯಲ್ಲಿದೆ. ಸರ್ಕಾರಿ ನಕಾಶೆಯಲ್ಲಿ ಊರಿನ ಹೆಸರು ಬಂದರೆ ಜನ ಹೆದರುವುದಕ್ಕೆ ಕಾರಣವಿದೆ.

ಮುಂದೆ ಕಸ್ತೂರಿರಂಗನ್ ನೇತೃತ್ವದ ಇನ್ನೊಂದು ತಂಡ 2013ರಲ್ಲಿ ಬೇರೆ ವರದಿ ಕೊಟ್ಟಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ ಎಂದು ಉಪಗ್ರಹ ಚಿತ್ರ ನೋಡಿ ಗುರುತಿಸಿತು. ಗಾಡ್ಗೀಳ್ ಅದನ್ನು ಟೀಕಿಸಿದರು. ಊರಿನವರನ್ನು ಕೇಳದೆ ಮೇಲಿನಿಂದ ಗೆರೆ ಎಳೆಯುವುದನ್ನು ಅವರು ಒಪ್ಪಲಿಲ್ಲ. ಜೀವನವಿಡೀ ಹಳ್ಳಿಯವರನ್ನು ಕೇಳಿ ಎಂದವರನ್ನು ಹಳ್ಳಿಗಳೇ ತಮ್ಮ ವಿರೋಧಿ ಅಂದುಕೊಂಡವು. ನಡುವಿನಲ್ಲಿ ಕಳೆದುಹೋದದ್ದು ಕನ್ನಡದಲ್ಲಿ ಓದಿ ಹೇಳಬೇಕಾಗಿದ್ದ ಒಂದು ಗ್ರಾಮ ಸಭೆ.

2018ರಲ್ಲಿ ಕೊಡಗು, 2024ರ ಜುಲೈಯಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳು ವಯನಾಡು. ಗುಡ್ಡ ಕುಸಿದಾಗಲೆಲ್ಲ ಅವರ ಹೆಸರು ಮತ್ತೆ ಬಂತು. ಪ್ರತಿ ಕುಸಿತಕ್ಕೂ ಅದರದೇ ಕಾರಣಗಳಿವೆ. ವರದಿ ಒಪ್ಪಿದ್ದರೆ ಯಾವುದೂ ಆಗುತ್ತಿರಲಿಲ್ಲ ಎನ್ನಲಾಗದು. ಆದರೆ ಗುಡ್ಡ ಕಡಿಯುವ ಮೊದಲು ಅಲ್ಲಿನ ಜನರ ಜೊತೆ ಕೂತು ಮಾತಾಡಿ ಎಂದು ಒಬ್ಬರು ಬರೆದಿಟ್ಟಿದ್ದರು ಅನ್ನುವುದು ನಿಜ. 2024ರ ಕೊನೆಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅವರಿಗೆ ಜೀವಮಾನ ಸಾಧನೆಗಾಗಿ ‘ಚಾಂಪಿಯನ್ಸ್ ಆಫ್ ದಿ ಅರ್ಥ್’ ಗೌರವ ಕೊಟ್ಟಿತು.

ನಾವು ಏನು ಮಾಡಬಹುದು?

ಒಂದು ಸಣ್ಣ ಕೆಲಸ. ನಿಮ್ಮ ಪಂಚಾಯ್ತಿಗೆ ಹೋಗಿ ಜೀವವೈವಿಧ್ಯ ದಾಖಲಾತಿ ತೋರಿಸಿ ಅಂತ ಕೇಳಿ. ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು ಕೇಳಿ. ನಿಮ್ಮೂರಿನ ಕೆರೆ, ಗೋಮಾಳ, ಬನದ ಹೆಸರು ಅದರಲ್ಲಿ ಇದೆಯೇ ನೋಡಿ. ನಾಳೆ ಅಲ್ಲಿ ಗಣಿಯೋ ಕಾರ್ಖಾನೆಯೋ ಬರುತ್ತದೆ ಅಂದಾಗ, ಇಲ್ಲಿ ಏನಿತ್ತು ಅಂತ ತೋರಿಸಲು ಊರಿನ ಕೈಯಲ್ಲಿ ಇರುವ ದಾಖಲೆ ಇದು. ಬಿಟ್ಟುಹೋದದ್ದಿದ್ದರೆ ಸೇರಿಸಿ ಎಂದು ಗ್ರಾಮ ಸಭೆಯಲ್ಲಿ ಎದ್ದು ನಿಂತು ಹೇಳಬಹುದು.

ನಾನು ಅಜ್ಜಿಯ ಹತ್ತಿರ ಕೂತು ಅಣಬೆಗಳ ಹೆಸರು ಬರೆದುಕೊಳ್ಳುತ್ತಿದ್ದೇನೆ. ಈವರೆಗೆ ಹನ್ನೊಂದು ಆಗಿದೆ. ಎರಡಕ್ಕೆ ಹೆಸರು ನೆನಪಿಲ್ಲ, ನೋಡಿದರೆ ಹೇಳುತ್ತೇನೆ ಅಂದಿದ್ದಾರೆ. ಮಳೆ ಶುರುವಾಗಲಿ ಎಂದು ಕಾಯುತ್ತಿದ್ದೇವೆ. ಮುಂದಿನ ಗ್ರಾಮ ಸಭೆಗೆ ಆ ಪಟ್ಟಿ ತೆಗೆದುಕೊಂಡು ಹೋಗುತ್ತೇನೆ.